ಕತ್ತರಿ ಹಿಡಿಯುವ ಮುಂಚೆ: ಕ್ವಿಲ್ಟ್ ಪ್ಯಾಟರ್ನ್ ಓದುವುದು, ಬದಲಿಸುವುದು

ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿಯಂಥ ಹೊದಿಕೆಯೇ ಕ್ವಿಲ್ಟ್; ಅದರ ತುಂಡುಗಳ ಅಳತೆ, ಜೋಡಣೆ ಹೇಳುವ ನಕ್ಷೆಯೇ ಪ್ಯಾಟರ್ನ್. ಹೊಸ ಪ್ಯಾಟರ್ನ್ ಕೈಗೆ ಬಂದರೆ ನಾನು ಮೊದಲು ನೋಡುವುದು ಒಂದನ್ನೇ. ಅದರಲ್ಲಿ ಕೊಟ್ಟಿರುವುದು ಕತ್ತರಿಸುವ ಅಳತೆಯೋ, ಹೊಲಿದ ಮೇಲೆ ಉಳಿಯುವ ಅಳತೆಯೋ? ಕ್ವಿಲ್ಟ್‌ನಲ್ಲಿ ಮಾರ್ಜಿನ್, ಅಂದರೆ ಹೊಲಿಗೆಗೆಂದು ಅಂಚಿನಲ್ಲಿ ಬಿಡುವ ಬಟ್ಟೆ, ಸಾಮಾನ್ಯವಾಗಿ ಪ್ರತಿ ಬದಿಗೆ ಕಾಲು ಇಂಚು. 6½ ಇಂಚಿನ ಚೌಕ ಸುತ್ತಲೂ ಹೊಲಿದಾಗ 6 ಇಂಚಾಗುತ್ತದೆ. ಈ ಹೊಲಿದ ಅಳತೆಯನ್ನು ಪ್ರತಿ ತುಂಡಿನ ಪಕ್ಕದಲ್ಲೂ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತೇನೆ. ಗಾತ್ರ ಬದಲಿಸುವ ಲೆಕ್ಕವೆಲ್ಲ ಅದರ ಮೇಲೆಯೇ ನಡೆಯಬೇಕು.

ಬ್ಲಾಕ್ (ತುಂಡುಗಳನ್ನು ಜೋಡಿಸಿ ಮಾಡುವ, ಕ್ವಿಲ್ಟ್‌ನ ಒಂದು ಚೌಕ) ಒಂದೂವರೆ ಪಟ್ಟು ದೊಡ್ಡದಾಗಬೇಕು ಎನ್ನಿ. 6½ನ್ನೇ 1.5ರಿಂದ ಗುಣಿಸಿದರೆ 9¾ ಬರುತ್ತದೆ. ಪಕ್ಕದ 3½ ಇಂಚಿನ ಎರಡು ಚೌಕಗಳು ತಲಾ 5¼ ಆಗಿ, ಜೋಡಿಸಿದಾಗ 10 ಇಂಚಾಗುತ್ತವೆ. 10ಕ್ಕೆ 9¾ ಕೂಡುವುದಿಲ್ಲ, ಎಳೆದು ಹೊಲಿದರೆ ಬ್ಲಾಕ್ ಉಬ್ಬುತ್ತದೆ. ತುಂಡು ದೊಡ್ಡದಾದರೂ ಮಾರ್ಜಿನ್ ಕಾಲು ಇಂಚೇ ಅಲ್ಲವೇ? ಅದಕ್ಕೇ ಅರ್ಧ ಇಂಚು ಕಳೆದು, ಗುಣಿಸಿ, ಮತ್ತೆ ಅರ್ಧ ಇಂಚು ಕೂಡಿಸಬೇಕು: 6 ಇಂಚು 9 ಆಗಿ, ಕತ್ತರಿಸುವುದು 9½. 3 ಇಂಚು 4½ ಆಗಿ, ಕತ್ತರಿಸುವುದು 5.

ಚೌಕವನ್ನು ಕರ್ಣದಲ್ಲಿ ಕತ್ತರಿಸಿ ಮಾಡುವ ಅರ್ಧಚೌಕ ತ್ರಿಕೋನಕ್ಕೆ ಅರ್ಧ ಇಂಚು ಸಾಲದು, ಹೊಲಿದ ಅಳತೆಗೆ ⅞ ಇಂಚು ಸೇರಿಸಬೇಕು. ನಾನು ಪೂರ್ತಿ ಒಂದು ಇಂಚು ಸೇರಿಸಿ, ಹೊಲಿದ ಮೇಲೆ ಅಳತೆಗೆ ಸವರುತ್ತೇನೆ. ಬಟ್ಟೆ ಸ್ವಲ್ಪ ಹಾಳಾದರೂ ಮೂಲೆಗಳು ಚೂಪಾಗಿ ಬರುತ್ತವೆ.

ಹೊಸ ಗಾತ್ರ ಆರಿಸುವಾಗ ಬ್ಲಾಕ್‌ನ ಒಂದು ಸಾಲಿನಲ್ಲಿರುವ ಸಮಭಾಗಗಳನ್ನು, ಅಂದರೆ ಮನೆಗಳನ್ನು ಎಣಿಸಿ. ಮೂರು ಮನೆಯ ಬ್ಲಾಕ್‌ಗೆ 9, 12, 15 ಇಂಚು ಸಲೀಸು. 10 ಇಂಚು ಬೇಕೆಂದರೆ ಪ್ರತಿ ಮನೆ 3⅓ ಆಗುತ್ತದೆ, ಕ್ವಿಲ್ಟಿಂಗ್ ಸ್ಕೇಲ್‌ನಲ್ಲಿ ಆ ಗೆರೆ ಸಿಗದು.

ಬ್ಲಾಕ್‌ಗಳನ್ನು ವಜ್ರಾಕಾರದಲ್ಲಿ ತಿರುಗಿಸಿ ಕೂರಿಸಿದರೆ ಅಷ್ಟೇ ಬ್ಲಾಕ್‌ಗೆ ಕ್ವಿಲ್ಟ್ ದೊಡ್ಡದಾಗುತ್ತದೆ. 12 ಇಂಚಿನ ಬ್ಲಾಕ್‌ನ ಕರ್ಣ 12 × 1.414, ಸುಮಾರು 17 ಇಂಚು. ಅಂಚಿನ ಖಾಲಿ ಜಾಗಕ್ಕೆ 18¼ ಇಂಚಿನ ಚೌಕವನ್ನು ಎರಡೂ ಕರ್ಣಗಳಲ್ಲಿ ಕತ್ತರಿಸಿ ನಾಲ್ಕು ತ್ರಿಕೋನ ಮಾಡಿಕೊಳ್ಳಿ. ಮೂಲೆಗಳಿಗೆ 9⅜ ಇಂಚಿನ ಎರಡು ಚೌಕಗಳನ್ನು ಒಂದೊಂದು ಕರ್ಣದಲ್ಲಿ ಕತ್ತರಿಸಿದರೆ ಸಾಕು. ಇದು ಅದಲುಬದಲಾಗಬಾರದು. ಅದಲುಬದಲಾದರೆ ಬಟ್ಟೆಯ ಕ್ರಾಸ್ ಭಾಗ, ಅಂದರೆ ಎಳೆಗಳಿಗೆ ಓರೆಯಾಗಿ ಕತ್ತರಿಸಿದ ಬದಿ, ಕ್ವಿಲ್ಟ್‌ನ ಹೊರಗಿನ ಅಂಚಿಗೆ ಬಂದು, ಹಿಗ್ಗಿ ಅಲೆಅಲೆಯಾಗುತ್ತದೆ.

ಬಟ್ಟೆ ಎಷ್ಟು ಬೇಕೆಂಬುದನ್ನು ವಿಸ್ತೀರ್ಣದಿಂದ ಲೆಕ್ಕ ಹಾಕಬೇಡಿ, ಪಟ್ಟಿಗಳಿಂದ ಹಾಕಿ. 42 ಇಂಚು ಅಗಲದ ಬಟ್ಟೆಯಲ್ಲಿ ಗಟ್ಟಿ ಅಂಚು ತೆಗೆದು, ಒಗೆದು ಕುಗ್ಗಿದ ಮೇಲೆ 40 ಸಿಗುತ್ತದೆಂದು ಹಿಡಿಯುತ್ತೇನೆ. 4½ ಇಂಚಿನ 80 ಚೌಕ ಬೇಕಿದ್ದರೆ ಒಂದು ಪಟ್ಟಿಗೆ 8, ಒಟ್ಟು 10 ಪಟ್ಟಿ, 45 ಇಂಚು ಉದ್ದ. 42ನ್ನೇ ನಂಬಿ ಪಟ್ಟಿಗೆ 9 ಎಂದು ಹಾಕಿದರೆ 40½ ಇಂಚು ಸಾಕೆನಿಸಿ, ಕೊನೆಗೆ ಬಟ್ಟೆ ಸಾಲದೆ ಹೋಗುತ್ತದೆ. ಒಂದೇ ದಿಕ್ಕಿಗೆ ಮುಖಮಾಡಿದ ಚಿತ್ರಗಳ ಬಟ್ಟೆಯಾದರೆ ಇನ್ನಷ್ಟು ಬೇಕು.

ಎಲ್ಲ ಕತ್ತರಿಸುವ ಮೊದಲು ಮೂರು ಒಂದೂವರೆ ಇಂಚಿನ ಪಟ್ಟಿ ಜೋಡಿಸಿ ಇಸ್ತ್ರಿ ಮಾಡಿ. ನಡುವಿನದು ಸರಿಯಾಗಿ 1 ಇಂಚು ಇರಬೇಕು. ಕಡಿಮೆ ಬಂದರೆ ದಾರ ಮತ್ತು ಮಡಿಕೆಯ ದಪ್ಪ ಬಟ್ಟೆಯನ್ನು ತಿಂದಿದೆ, ಮಾರ್ಜಿನ್ ಒಂದೆರಡು ಎಳೆಯಷ್ಟು ಕಡಿಮೆ ಮಾಡಿ. ಆಮೇಲೆ ಒಂದೇ ಒಂದು ಬ್ಲಾಕ್ ಹೊಲಿದು ಅಳೆಯಿರಿ. 12 ಇಂಚಿನ ಬ್ಲಾಕ್ ಸುತ್ತಲಿನ ಮಾರ್ಜಿನ್ ಸೇರಿ 12½ ಬಂದರೆ ಮಾತ್ರ ಉಳಿದ ಬಟ್ಟೆಗೆ ಕತ್ತರಿ ಹಾಕಿ.