ಅಡ್ವಾನ್ಸ್‌ಗೆ ಮುಂಚೆ ಒಂದು ಫೋನ್

ಮೂಡಿಗೆರೆ ಹತ್ತಿರ ನಮ್ಮ ತೋಟದಲ್ಲಿ ಸಣ್ಣದೊಂದು ಹೋಂಸ್ಟೇ ಇದೆ. ಬುಕಿಂಗ್ ಆ್ಯಪ್‌ನಲ್ಲಿ ಬರಲಿ, ವಾಟ್ಸ್ಆ್ಯಪ್‌ನಲ್ಲಿ ಬರಲಿ, ಅಡ್ವಾನ್ಸ್ ತೆಗೆದುಕೊಳ್ಳುವ ಮುಂಚೆ ನಾನೇ ಒಂದು ಫೋನ್ ಮಾಡುತ್ತೇನೆ. ಆಧಾರ್ ನೋಡಿದರೆ ಸಾಕು ಅನ್ನುವವರಿದ್ದಾರೆ. ರಾತ್ರಿ ಹನ್ನೊಂದಕ್ಕೆ ಸೌಂಡ್ ಬಾಕ್ಸ್ ಹಾಕುತ್ತಾರೋ ಇಲ್ಲವೋ ಅಂತ ಆಧಾರ್‌ನಲ್ಲಿ ಬರೆದಿರಲ್ಲ ಅಲ್ವಾ? ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು. ತೋಟದ ಲೈನ್ ಮನೆಗಳಲ್ಲಿರುವ ಕೆಲಸದವರು ಬೆಳಿಗ್ಗೆ ಬೇಗ ಏಳಬೇಕು.

ಫೋನಲ್ಲಿ ನಾನು ಜಾಸ್ತಿ ಮಾತಾಡಲ್ಲ, ಅವರು ಏನು ಕೇಳುತ್ತಾರೆ ಅಂತ ನೋಡುತ್ತೇನೆ. ಮುಳ್ಳಯ್ಯನಗಿರಿ ಎಷ್ಟು ದೂರ, ಮಕ್ಕಳಿಗೆ ಖಾರ ಕಮ್ಮಿ ಮಾಡಿಕೊಡ್ತೀರಾ, ಸಣ್ಣ ಕಾರು ಮನೆವರೆಗೂ ಬರುತ್ತಾ ಅನ್ನುವವರ ಬಗ್ಗೆ ಚಿಂತೆಯಿಲ್ಲ. "ಓನರ್ ಅಲ್ಲೇ ಇರ್ತಾರಾ?" ಅಂದಾಗ ಮಾತ್ರ ಕಿವಿ ನೆಟ್ಟಗಾಗುತ್ತೆ. ಇದನ್ನು ಎರಡು ಥರದವರು ಕೇಳುತ್ತಾರೆ. "ಹೌದು, ಪಕ್ಕದ ಮನೇಲೇ ಇರ್ತೀವಿ" ಅಂದರೆ, ಹೆಣ್ಣುಮಕ್ಕಳಷ್ಟೇ ಬರುವವರು "ಹಾಗಾದ್ರೆ ಸರಿ ಸರ್" ಅಂತ ನಿರಾಳವಾಗುತ್ತಾರೆ. ಇನ್ನು ಕೆಲವರು ಸ್ವಲ್ಪ ತಡೆದು, "ಅಂದ್ರೆ... ನಾವು ಎಂಜಾಯ್ ಮಾಡೋಕೆ ತೊಂದ್ರೆ ಇಲ್ವಾ?" ಅನ್ನುತ್ತಾರೆ. ಅಲ್ಲಿಗೆ ಗೊತ್ತಾಯ್ತು.

ಹೆಸರು ಕೇಳಿ ಜಾತಿ, ಧರ್ಮ ಅಳೆಯುವವರೂ ನಮ್ಮಲ್ಲಿದ್ದಾರೆ. ಅದು ತಪ್ಪು, ಮೇಲಾಗಿ ಅದರಿಂದ ಗೆಸ್ಟ್ ಹೇಗೆ ಅಂತ ಏನೂ ತಿಳಿಯಲ್ಲ.

ಆಮೇಲೆ ಎಷ್ಟು ಜನ, ಯಾವ ಗಾಡಿ ಅಂತ ಎರಡನ್ನೂ ಬೇರೆ ಬೇರೆ ಹೊತ್ತಲ್ಲಿ ಕೇಳುತ್ತೇನೆ. ನಾಲ್ಕೇ ಜನ ಅಂದವರು ಮಾತಿನ ಮಧ್ಯೆ "ಟಿಟಿ ನಿಲ್ಲಿಸೋಕೆ ಜಾಗ ಇದ್ಯಾ?" ಅಂತ ಟೆಂಪೊ ಟ್ರಾವೆಲರ್ ವ್ಯಾನಿಗೆ ಜಾಗ ಕೇಳಿದರೆ ಲೆಕ್ಕ ಕೂಡಲ್ಲ. ಹೇಳಿದ್ದಕ್ಕಿಂತ ಜಾಸ್ತಿ ಜನ ಬಂದರೆ ಒಳಗೆ ಬಿಡಲ್ಲ ಅಂತ ಆಗಲೇ ಮೆಸೇಜ್ ಹಾಕಿಬಿಡುತ್ತೇನೆ, ಗೇಟಿನ ಹತ್ತಿರ ಜಗಳ ಬೇಡ.

ಐಡಿ ದೊಡ್ಡವರೆಲ್ಲರದ್ದೂ ಬೇಕು, ಬುಕ್ ಮಾಡಿದವರದ್ದಷ್ಟೇ ಅಲ್ಲ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಟ್ಟರೂ ನನಗೆ ನಡೆಯುತ್ತೆ. ಫೋಟೊಗೂ ಮುಖಕ್ಕೂ ಹೊಂದಿಸಿ ನೋಡಿ, ಗಾಡಿ ನಂಬರ್ ರಿಜಿಸ್ಟರ್‌ನಲ್ಲಿ ಬರೆಯುತ್ತೇನೆ. ವಿದೇಶಿಯರಾದರೆ ಪಾಸ್‌ಪೋರ್ಟ್, ವೀಸಾ ನೋಡಿ ಬಂದ 24 ಗಂಟೆಯೊಳಗೆ ಅವರ ಮಾಹಿತಿ ಸರ್ಕಾರಕ್ಕೆ ಕೊಡುವ ಫಾರ್ಮ್ (ಮುಂಚೆ ಫಾರ್ಮ್ ಸಿ ಅಂತಿತ್ತು) ಆನ್‌ಲೈನ್‌ನಲ್ಲಿ ತುಂಬಲೇಬೇಕು, ಒಂದೇ ರಾತ್ರಿ ಉಳಿದರೂ ಸರಿ.

ಬೇಡ ಅನಿಸಿದವರಿಗೆ ರೂಮ್ ಖಾಲಿ ಇಲ್ಲ ಅಂತ ಸುಳ್ಳು ಹೇಳಲ್ಲ, ಆ್ಯಪ್‌ನಲ್ಲಿ ಖಾಲಿ ಕಾಣ್ತಾ ಇರುತ್ತೆ. "ಹತ್ತು ಗಂಟೆ ಮೇಲೆ ನಮ್ಮಲ್ಲಿ ಸದ್ದು ಮಾಡಂಗಿಲ್ಲ, ನಿಮಗೆ ರೆಸಾರ್ಟೇ ಸರಿ" ಅನ್ನುತ್ತೇನೆ. ಎಷ್ಟೋ ಜನ ಥ್ಯಾಂಕ್ಸ್ ಹೇಳಿಯೇ ಫೋನ್ ಇಡುತ್ತಾರೆ.