ಮೂರನೇ ಚೌಕದ ಕತ್ತಲು

ತರೀಕೆರೆ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿಯ ಮಕ್ಕಳಿಗೆ ಮೂರು ದಿನ ಚಿತ್ರಕಥೆ, ಅಂದರೆ ಕಾಮಿಕ್ಸ್, ಬರೆಯುವುದನ್ನು ಹೇಳಿಕೊಟ್ಟೆ. ಮೊದಲ ದಿನ ಬೆಳಿಗ್ಗೆಯೇ ತಪ್ಪು ಮಾಡಿದೆ. ಮಕ್ಕಳ ಸಂಕೋಚ ಬಿಡಿಸೋಣ ಅಂತ ಬೋರ್ಡ್ ಮೇಲೆ ಒಂದು ಮುಖ ಬರೆದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಎಲ್ಲರ ಪುಸ್ತಕದಲ್ಲೂ ಅದೇ ಮುಖ, ಅದೇ ಮೂಗು. ಒರೆಸಿಬಿಟ್ಟೆ. ಆಮೇಲೆ ಸೀಮೆಸುಣ್ಣ ಹಿಡಿದದ್ದು ಅಕ್ಷರ ಬರೆಯಲು ಮಾತ್ರ.

ಬಿಸಿಯೂಟ ಆದಮೇಲೆ ಮೇಷ್ಟ್ರು, ನಾನು ಎಲ್ಲರನ್ನೂ ಅಮೃತಾಪುರಕ್ಕೆ ಕರೆದುಕೊಂಡು ಹೋದೆವು. ಎರಡನೇ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಸ್ಥಾನ ಅದು. ಮಂಟಪದ ಹೊರಗೋಡೆಯ ಸುತ್ತ 140 ಶಿಲಾಫಲಕಗಳಿವೆ: ದಕ್ಷಿಣಕ್ಕೆ ರಾಮಾಯಣದವು 70, ಉತ್ತರಕ್ಕೆ ಕೃಷ್ಣನ ಕಥೆಯವು 25, ಮಹಾಭಾರತದವು 45. ‘ಯಾವ ಕಡೆಯಿಂದ ಓದಬೇಕು, ನೀವೇ ಹೇಳಿ’ ಅಂದೆ. ಪ್ರದಕ್ಷಿಣೆ ಬರುತ್ತ ನೋಡಿದರೆ ಉತ್ತರದ ಗೋಡೆ ಸರಿಯಾಗೇ ಇತ್ತು, ರಾಮಾಯಣ ಮಾತ್ರ ಹಿಂದುಮುಂದು. ಒಬ್ಬ ಹುಡುಗ ವಾಪಸ್ ಓಡಿದ. ‘ಸಾರ್, ಈ ಕಡೆಯಿಂದ ಬಂದ್ರೆ ಸರಿಹೋಗುತ್ತೆ!’ ನಿಜ, ಅಲ್ಲಿ ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತದೆ. ಎದುರು ನಿಂತರೆ ಕನ್ನಡ ಓದಿದ ಹಾಗೆ ಎಡದಿಂದ ಬಲಕ್ಕೆ. ಒಂದು ಫಲಕಕ್ಕೂ ಪಕ್ಕದ್ದಕ್ಕೂ ನಡುವೆ ಏನೇನು ನಡೆಯಿತು, ಶಿಲ್ಪಿ ಯಾವುದನ್ನು ಕೆತ್ತಲಿಲ್ಲ ಅಂತ ಕೇಳುತ್ತ ಸಂಜೆಯಾಯಿತು. ನನಗೆ ಗೊತ್ತಿರುವ ಚಿತ್ರಕಥೆಯ ಪಾಠವೆಲ್ಲ ಆ ಪ್ರಶ್ನೆಯಲ್ಲೇ ಇದೆ.

ಮರುದಿನ ಒಬ್ಬೊಬ್ಬರಿಗೆ ಒಂದು ಎ4 ಹಾಳೆ. ಎರಡು ಸಲ ಮಡಚಿ ಬಿಡಿಸಿದರೆ ನಾಲ್ಕು ಚೌಕ. ನಾಲ್ಕು ವಾಕ್ಯದಲ್ಲಿ ಕಥೆಯನ್ನು ಬಾಯಲ್ಲಿ ಹೇಳಿದವರಿಗಷ್ಟೇ ಪೆನ್ಸಿಲ್. ಬಹಳ ಮಂದಿಯ ಕಥೆ ‘ಬೆಳಿಗ್ಗೆ ಎದ್ದೆ, ಹಲ್ಲುಜ್ಜಿದೆ’ ಅಂತ ಶುರುವಾಗಿ ಎರಡು ಚೌಕ ನುಂಗಿಬಿಡುತ್ತಿತ್ತು. ‘ಹಲ್ಲುಜ್ಜಿದ್ದು ತೆಗೆದರೆ ಕಥೆಗೆ ಏನಾಗುತ್ತೆ?’ ಅಂತ ಕೇಳಿದೆ. ತಾವೇ ತೆಗೆದರು.

ಹೆಚ್ಚು ಹೊತ್ತು ಹಿಡಿದದ್ದು ಮಾತು ಬರೆಯುವುದು. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ. ನಮ್ಮಲ್ಲಿ ‘ಅಜ್ಜಿ ಬಿದ್ದುಬಿಟ್ಳು’ ಅಂತ ಬರೆದರೆ ಮೂರು ಒತ್ತು ಕೆಳಗಿಳಿದು, ಮುಂದಿನ ಸಾಲಿನ ತಲೆಕಟ್ಟಿಗೆ, ಗುಡಿಸಿಗೆ ತಗಲುತ್ತವೆ. ಹಾಗಾಗಿ ಸಾಲುಗಳ ನಡುವೆ ಇನ್ನೊಂದು ಸಾಲಿನಷ್ಟು ಜಾಗ ಬಿಡಿಸಿದೆ. ಮೊದಲು ಮಾತು ಬರೆಯುವುದು, ಆಮೇಲೆ ಅದರ ಸುತ್ತ ಗುಳ್ಳೆ. ಗುಳ್ಳೆ ಮೊದಲು ಬರೆದವರ ಅಕ್ಷರಗಳು ಕೊನೆಯಲ್ಲಿ ಇರುವೆ ಸಾಲಾದವು. ‘ನಾನು ಮನೆಗೆ ಹೋಗುತ್ತಿದ್ದೇನೆ’ ಅಂತ ಪಾಠಪುಸ್ತಕದ ಭಾಷೆ ಬರೆದಿದ್ದವಳಿಗೆ, ‘ನಿಮ್ಮಜ್ಜಿ ಹೀಗೇ ಮಾತಾಡ್ತಾರಾ?’ ಅಂದೆ. ‘ಮನೆಗ್ ಹೋಗ್ತೀನಿ’ ಆಯಿತು. ಜಾಗವೂ ಉಳಿಯಿತು, ಅಜ್ಜಿಯೂ ಬಂದರು. ಶಬ್ದಗಳನ್ನು ನಾನು ಕಲಿಸಬೇಕಾಗಲಿಲ್ಲ. ವ್ಯಾಕರಣದಲ್ಲಿ ಓದಿದ್ದ ಅನುಕರಣಾವ್ಯಯ ನೆನಪಿಸಿದ್ದೇ ತಡ, ದಬದಬ, ಚಟಪಟ, ಜುಳುಜುಳು ಎಲ್ಲ ಚೌಕದೊಳಗೆ ಇಳಿದವು.

ಹಿಂದಿನ ಬೆಂಚಿನ ಒಬ್ಬ ಹುಡುಗಿ ಎರಡು ದಿನ ಹೆಚ್ಚು ಮಾತೇ ಆಡಿರಲಿಲ್ಲ. ಅವಳ ಮೊದಲ ಚೌಕದಲ್ಲಿ ರಾತ್ರಿ ಅಮ್ಮ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದಾಳೆ. ಎರಡನೆಯದರಲ್ಲಿ ಮಗಳು ಪಕ್ಕದಲ್ಲಿ ತೂಕಡಿಸುತ್ತಿದ್ದಾಳೆ. ಮೂರನೆಯದು ಪೂರ್ತಿ ಕಪ್ಪು. ನಡುವೆ ಬಿಳಿ ಉಳಿಸಿ ಬರೆದ ಎರಡೇ ಮಾತು: ‘ಚರಕ್. ಚರಕ್.’

‘ಇಲ್ಲೇನಾಯ್ತಮ್ಮ?’

‘ಕರೆಂಟ್ ಹೋಯ್ತು ಸಾರ್.’

ನಾಲ್ಕನೆಯದರಲ್ಲಿ ಬೆಳಗಾಗಿದೆ. ಮಗಳ ಮೇಲೆ ಅಮ್ಮನ ಸೆರಗು, ಬುಟ್ಟಿ ತುಂಬ ಅಡಿಕೆ. ಇಪ್ಪತ್ತು ವರ್ಷ ಚಿತ್ರ ಬರೆದಿದ್ದೇನೆ; ಒಂದು ಚೌಕವನ್ನು ಇಷ್ಟು ಧೈರ್ಯವಾಗಿ ಖಾಲಿ ಬಿಡಲು ನನಗೆ ಇನ್ನೂ ಕೈ ಬರುವುದಿಲ್ಲ. ತಿದ್ದಲು ಏನೂ ಇರಲಿಲ್ಲ. ತಿದ್ದಲಿಲ್ಲ.

ಮೂರನೇ ದಿನ ಆಯ್ದ ಕಥೆಗಳನ್ನು ಜೆರಾಕ್ಸ್ ಮಾಡಿಸಿ ಹಾಲಿನ ಡೈರಿಯ ಗೋಡೆಗೆ, ಬಸ್ ನಿಲ್ಲುವಲ್ಲಿ ಅಂಟಿಸಿದೆವು. ಜೆರಾಕ್ಸ್‌ನಲ್ಲಿ ಅವಳ ಕಪ್ಪು ಬೂದಿಯಾಗಿ, ಬಿಳಿ ಗೆರೆ ಬಿದ್ದಿತ್ತು. ಅಂಟಿಸುವ ಮುಂಚೆ ಅವಳು ಅಷ್ಟೂ ಪ್ರತಿ ಇಸಿದುಕೊಂಡು, ಜಗಲಿಯಲ್ಲಿ ಕೂತು, ಮೂರನೇ ಚೌಕಕ್ಕೆ ಒಂದೊಂದಾಗಿ ಸ್ಕೆಚ್ ಪೆನ್ನಿನಲ್ಲಿ ಮತ್ತೆ ಕತ್ತಲು ತುಂಬಿದಳು. ಒಂದು ಪ್ರತಿಯನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡಳು, ಅಮ್ಮನಿಗೆ ಅಂತ.