ಭಾವಚಿತ್ರಕ್ಕೆ ಪುರುಷರನ್ನೂ ಮಹಿಳೆಯರನ್ನೂ ನಿಲ್ಲಿಸುವ ಬಗೆ

ಚಿಕ್ಕಬಳ್ಳಾಪುರದ ಬಳಿಯ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇವಾಲಯದ ಕಲ್ಯಾಣಿಯ ಮೆಟ್ಟಿಲುಗಳು ದಂಪತಿಗಳ ಭಾವಚಿತ್ರಕ್ಕೆ ಬಹಳ ಒಪ್ಪುವ ಜಾಗ. ಬೆಳಗಿನ ಓರೆ ಬೆಳಕಿರುವಾಗಲೇ ಅಲ್ಲಿಗೆ ಹೋಗಬೇಕು. ಪುರುಷರ ಭುಜಗಳನ್ನು ಬಹುಮಟ್ಟಿಗೆ ಕ್ಯಾಮೆರಾದ ಕಡೆಗೇ ಇರಿಸಿ, ಪಾದಗಳನ್ನು ತುಸು ಅಗಲಿಸಿ, ಭಾರವನ್ನು ಎರಡೂ ಕಾಲುಗಳ ಮೇಲೆ ಹಂಚುವುದು ರೂಢಿ. ಮಹಿಳೆಯರಿಗೆ ಮೈಯನ್ನು ಸುಮಾರು 45 ಡಿಗ್ರಿ ತಿರುಗಿಸಿ, ಭಾರವನ್ನು ಹಿಂದಿನ ಕಾಲಿಗೆ ಬಿಟ್ಟು, ಮುಂದಿನ ಮೊಣಕಾಲನ್ನು ಸ್ವಲ್ಪ ಮಡಿಸಲು ಹೇಳಿದರೆ ನಿಲುವಿನಲ್ಲಿ ಸಹಜವಾದ ಬಾಗು ಮೂಡುತ್ತದೆ.

ಹೆಚ್ಚಿನ ಚಿತ್ರಗಳು ಕೆಡುವುದು ಕೈಗಳಿಂದ. ಪಂಚೆ ಉಟ್ಟವರು ಅದರ ಅಂಚನ್ನು ಹಿಡಿಯಲಿ, ಪ್ಯಾಂಟು ತೊಟ್ಟವರು ಹೆಬ್ಬೆರಳನ್ನು ಹೊರಗೆ ಬಿಟ್ಟು ಕೈಯನ್ನು ಜೇಬಿಗೆ ಇಳಿಸಲಿ. ಸೀರೆ ಉಟ್ಟವರ ಬೆರಳುಗಳು ಸೆರಗನ್ನು ಬಿಗಿಯಾಗಿ ಹಿಡಿಯದೆ ಹಗುರವಾಗಿ ಮುಟ್ಟಿರಲಿ. ತೋಳು ಮೈಗೆ ಒತ್ತಿಕೊಂಡರೆ ದಪ್ಪವಾಗಿ ಕಾಣುವುದರಿಂದ ನಡುವೆ ಸ್ವಲ್ಪ ಅಂತರ ಎಲ್ಲರಿಗೂ ಬೇಕು. ಗದ್ದವನ್ನು ಮುಂದೆ ಚಾಚಿ ತುಸು ತಗ್ಗಿಸುವ ಕ್ರಮವೂ ಇಬ್ಬರಿಗೂ ಒಂದೇ.

ಇವು ರೂಢಿಗಳೇ ಹೊರತು ಕಟ್ಟಳೆಗಳಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆಹುಳು ಸಾಕುವ ಮಹಿಳೆಯೊಬ್ಬರು ಕಾಲೂರಿ ನೇರವಾಗಿ ನಿಂತಾಗಲೇ ತಮ್ಮಂತೆ ಕಾಣುವುದಾದರೆ, ಅವರನ್ನು ಬಾಗಿಸುವುದು ತಪ್ಪೆಂದೇ ನನ್ನ ಅಭಿಪ್ರಾಯ. ಯಾರನ್ನೂ ಮುಟ್ಟಿ ತಿದ್ದದೆ, ಬೇಕಾದ ಭಂಗಿಯಲ್ಲಿ ನೀವೇ ನಿಂತು ತೋರಿಸಿ.